ಘಟ್ಟ ಇಳಿಯುವಾಗ ಲೋಡು ಜಾರುತ್ತಿದೆಯೇ? ಮೊದಲು ಕಾರಣ ಹುಡುಕಿ, ಆಮೇಲೆ ಬೆಲ್ಟ್ ಕೊಳ್ಳಿ

ಶಿರಸಿಯಲ್ಲಿ ಕಟ್ಟಿದಾಗ ಲೋಡು ನೆಟ್ಟಗೇ ಇತ್ತು. ದೇವಿಮನೆ ಘಟ್ಟ ಇಳಿದು ಕತಗಾಲ ಮುಟ್ಟುವಷ್ಟರಲ್ಲಿ ಹಗ್ಗ ಜೋಲು ಬಿದ್ದಿದೆ, ಚೀಲಗಳ ಅಟ್ಟಿ ಎಡಕ್ಕೆ ವಾಲಿದೆ. ಕುಮಟಾ, ಅಂಕೋಲಾ, ಕಾರವಾರದ ಕಡೆ ಸರಕು ಕಳಿಸುವವರಿಗೆ ಇದು ಹೊಸದಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ. ಮುಂದಿನ ಸಲ ಇನ್ನೂ ದಪ್ಪದ ಹಗ್ಗ, ಇಲ್ಲವೇ ಅಂಗಡಿಯಲ್ಲಿರುವ ದೊಡ್ಡ ಬೆಲ್ಟ್. ಅಷ್ಟಾದರೂ ಲೋಡು ಮತ್ತೆ ಜಾರುತ್ತದೆ. ಹಗ್ಗ ಹರಿದಿರಲೇ ಇಲ್ಲ, ಅಲ್ವಾ? ಹರಿಯದ ಹಗ್ಗದ ಜಾಗಕ್ಕೆ ದಪ್ಪ ಹಗ್ಗ ತಂದರೆ ಏನು ಬದಲಾಗಬೇಕು?

ಲೋಡು ಕಟ್ಟುವ ಸಾಮಾನು ಆರಿಸುವ ಮೊದಲು ಲೋಡು ಯಾಕೆ ಜಾರಿತು ಎಂದು ಗೊತ್ತಾಗಬೇಕು. ಈ ಬರಹ ಅದಕ್ಕಾಗಿ. ಪಿಕಪ್, ಟಾಟಾ ಏಸ್, ಆರು ಚಕ್ರದ ಲಾರಿಗಳಲ್ಲಿ ಅಡಿಕೆ, ಚಿರೆಕಲ್ಲು, ನಾಟಾ, ಪೈಪು, ಯಂತ್ರ ಸಾಗಿಸುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಟ್ಯಾಂಕರ್, ಕಂಟೇನರ್ ವಿಷಯವೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಬಿಚ್ಚುವ ಮೊದಲು ನೋಡಿ

ಲೋಡು ಜಾರಿದ ಗಾಡಿ ಬಂದು ನಿಂತ ಕೂಡಲೇ ಯಾರಾದರೂ ಹಗ್ಗ ಬಿಚ್ಚಲು ಹೋಗುತ್ತಾರೆ. ಅವರನ್ನು ತಡೆಯಿರಿ. ವಾಲಿದ ಅಟ್ಟಿಯನ್ನು ಹಿಡಿದುಕೊಂಡಿರುವುದು ಆ ಹಗ್ಗ ಅಥವಾ ಪಕ್ಕದ ಬಾಗಿಲು ಮಾತ್ರ ಆಗಿರಬಹುದು. ವಾಲಿದ ಕಡೆ ನಿಂತು ಬಾಗಿಲು ತೆರೆದರೆ ಚೀಲವೋ ಕಲ್ಲೋ ನೇರ ಮೈಮೇಲೆ ಬರುತ್ತದೆ. ಯಾವಾಗಲೂ ವಾಲಿದ್ದರ ಎದುರು ಪಕ್ಕದಿಂದ ಕೆಲಸ ಶುರು ಮಾಡಿ. ಮೇಲಿನ ಸಾಲನ್ನು ಮೊದಲು ಇಳಿಸಿ.

ಇನ್ನೊಂದು ಕಾರಣವೂ ಇದೆ. ಬಿಚ್ಚಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಲೋಡು ಯಾವ ದಿಕ್ಕಿಗೆ ಹೋಗಿದೆ? ಕೆಳಗಿನ ಸಾಲೂ ಸರಿದಿದೆಯೋ, ಮೇಲಿನದು ಮಾತ್ರವೋ? ಗಾಡಿಯ ನೆಲದ ಮೇಲೆ ಉಜ್ಜಿದ ಗೀರು ಇದೆಯೇ? ಬೆಲ್ಟ್ ಎಲ್ಲಾದರೂ ಹೊಳೆಯುತ್ತಿದೆಯೇ, ಕರಗಿ ಗಟ್ಟಿಯಾದ ಹಾಗೆ ಕಾಣುತ್ತದೆಯೇ? ಕೊಕ್ಕೆಯ ಬಾಯಿ ತೆರೆದುಕೊಂಡಿದೆಯೇ? ನೆಲ ಒದ್ದೆಯಿದೆಯೇ? ಇಷ್ಟು ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ದಿಕ್ಕು ಮುಖ್ಯ. ಮುಂದಕ್ಕೆ ಹೋಗಿದ್ದರೆ ಬ್ರೇಕ್, ಪಕ್ಕಕ್ಕೆ ಹೋಗಿದ್ದರೆ ತಿರುವು, ಹಿಂದಕ್ಕೆ ಹೋಗಿದ್ದರೆ ಏರು ಅಥವಾ ಜರ್ಕ್ ಹೊಡೆದು ಹೊರಟದ್ದು ಕಾರಣ. ಲೋಡು ಕಟ್ಟುವ ಬಗ್ಗೆ ಯುರೋಪಿನಲ್ಲಿ ಇಎನ್ 12195 ಎಂಬ ಮಾನದಂಡ ಇದೆ. ಅದರ ಪ್ರಕಾರ ಲಾರಿಯ ಲೋಡನ್ನು ಮುಂದಕ್ಕೆ ಹೋಗದ ಹಾಗೆ ಅದರ ತೂಕದ 0.8 ಪಾಲಿನಷ್ಟು ಬಲಕ್ಕೆ, ಪಕ್ಕಕ್ಕೆ ಮತ್ತು ಹಿಂದಕ್ಕೆ 0.5 ಪಾಲಿನಷ್ಟು ಬಲಕ್ಕೆ ತಡೆಯಬೇಕು. ಒಂದು ಟನ್ ಲೋಡು ಎಂದರೆ ಮುಂದಕ್ಕೆ 800 ಕೆಜಿ, ಪಕ್ಕಕ್ಕೆ 500 ಕೆಜಿ ಒತ್ತಡ ತಡೆಯುವ ಏರ್ಪಾಡು. ರಸ್ತೆ ನೂರು ಅಡಿಗೆ ಏಳು ಅಡಿ ಇಳಿಯುತ್ತಿದ್ದರೆ, ಗಾಡಿ ಸುಮ್ನೆ ನಿಂತಿದ್ದರೂ ಒಂದು ಟನ್ನಿನಲ್ಲಿ ಸುಮಾರು 70 ಕೆಜಿ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಘಟ್ಟದಲ್ಲಿ ಬ್ರೇಕ್ ಅದರ ಮೇಲೆ ಬೀಳುತ್ತದೆ.

ಮುಂದಕ್ಕೆ ಸರಿದಿದ್ದರೆ

ಮೊದಲು ಕ್ಯಾಬಿನ್ ಗೋಡೆಗೂ ಲೋಡಿಗೂ ನಡುವೆ ಸಂದಿ ಇತ್ತೇ ಎಂದು ಕೇಳಿ. ಬಹಳ ಸಲ ಇರುತ್ತದೆ. ಹಿಂದಿನಿಂದ ತುಂಬುವಾಗ ಕೊನೆಯ ಒಂದು ಅಡಿ ದೂಡಲು ಯಾರಿಗೂ ಮನಸ್ಸಿರುವುದಿಲ್ಲ. ಒಂದು ಲೆಕ್ಕ ನೋಡಿ. ನೆಲದ ಹಿಡಿತ ಸಾಧಾರಣವಾಗಿದೆ, ಸಂದಿ ಅರ್ಧ ಮೀಟರ್ ಇದೆ, ಗಾಡಿ ಗಟ್ಟಿಯಾಗಿ ಬ್ರೇಕ್ ಹಾಕಿತು ಎಂದುಕೊಳ್ಳಿ. ಕಟ್ಟದೆ ಬಿಟ್ಟ ಲೋಡು ಆ ಅರ್ಧ ಮೀಟರ್ ದಾಟಿ ಗೋಡೆಗೆ ಗುದ್ದುವಾಗ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿರುತ್ತದೆ. ಒಂದು ಟನ್ ತೂಕ ಆ ವೇಗದಲ್ಲಿ ಬಡಿದರೆ ತಗಡಿನ ಗೋಡೆ ಏನಾಗುತ್ತದೆ, ಅದರ ಆಚೆ ಕೂತ ಡ್ರೈವರ್ ಗತಿ ಏನು, ಹೇಳಬೇಕಾಗಿಲ್ಲ. ಸಂದಿಯೇ ಇಲ್ಲದಿದ್ದರೆ ಇದೇ ಲೋಡು ಗೋಡೆಗೆ ಒರಗಿಕೊಂಡು ಸುಮ್ಮನಿರುತ್ತದೆ.

ಹಾಗಾಗಿ ಮೊದಲ ಪರಿಹಾರಕ್ಕೆ ಹೊಸ ಸಾಮಾನೇ ಬೇಡ. ಲೋಡನ್ನು ಮುಂದಿನ ಗೋಡೆಗೆ ತಾಗಿಸಿ. ಭಾರ ಎಲ್ಲ ಮುಂದೆಯೇ ಬೀಳುತ್ತದೆ, ಆಕ್ಸಲ್ ಮೇಲೆ ಸರಿಯಾಗಿ ಹಂಚಬೇಕು ಎನ್ನುವ ಸಂದರ್ಭದಲ್ಲಿ ಸಂದಿಯನ್ನು ಮರದ ಪ್ಯಾಲೆಟ್ಟಿನಿಂದಲೋ ರೀಪಿನ ಚೌಕಟ್ಟಿನಿಂದಲೋ ತುಂಬಿ. ಖಾಲಿ ಗೋಣಿ, ಹುಲ್ಲು, ತೆಂಗಿನ ಸಿಪ್ಪೆ ತುರುಕಿದರೆ ಆಗುವುದಿಲ್ಲ. ಅವು ಒತ್ತಿದರೆ ಕುಗ್ಗುತ್ತವೆ. ಗೋಡೆಗಿಂತ ಎತ್ತರ ಇರುವ ಸಾಲನ್ನು ಗೋಡೆ ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಪೈಪು, ಕಬ್ಬಿಣದ ಸರಳಿನಂಥ ಮೊನೆಯ ಸರಕಿಗೆ ತೆಳು ತಗಡಿನ ಗೋಡೆ ಸಾಲದು. ಮುಂದೆ ದಪ್ಪ ಹಲಗೆ ಅಡ್ಡ ನಿಲ್ಲಿಸಲೇಬೇಕು.

ಸಂದಿ ಇರಲಿಲ್ಲ, ಆದರೂ ಸರಿದಿದೆ ಎಂದಾದರೆ ನೆಲ ನೋಡಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ಮೇಲಿನಿಂದ ಬೆಲ್ಟ್ ಹಾಯಿಸಿ ಬಿಗಿದಾಗ ಬೆಲ್ಟ್ ಲೋಡನ್ನು ಹಿಡಿದು ನಿಲ್ಲಿಸುವುದಿಲ್ಲ. ಅದು ಲೋಡನ್ನು ನೆಲಕ್ಕೆ ಒತ್ತುತ್ತದೆ, ಅಷ್ಟೇ. ಜಾರದಂತೆ ಹಿಡಿಯುವ ಕೆಲಸ ನೆಲದ್ದು. ನೆಲದಲ್ಲಿ ಹಿಡಿತ ಇಲ್ಲದಿದ್ದರೆ ಎಷ್ಟು ಒತ್ತಿದರೂ ಬಹುಪಾಲು ವ್ಯರ್ಥ.

ಮತ್ತೆ ಅದೇ ಒಂದು ಟನ್ ಪೆಟ್ಟಿಗೆ. ನೆಲದ ಹಿಡಿತ 0.3, ಅಂದರೆ ತೂಕದ ಹತ್ತರಲ್ಲಿ ಮೂರು ಪಾಲು. ಒಂದೊಂದು ಬೆಲ್ಟಿಗೂ 300 ಕೆಜಿ ಬಿಗಿತ ಬಂದಿದೆ, ಬೆಲ್ಟ್ ನೆಟ್ಟಗೆ ಕೆಳಗೆ ಇಳಿದಿದೆ. ಮುಂದೆ ಯಾವ ತಡೆಯೂ ಇಲ್ಲ. ಇಎನ್ 12195ರ ಸೂತ್ರದ ಪ್ರಕಾರ ಬ್ರೇಕಿಗೆ ತಡೆಯಲು 4 ಬೆಲ್ಟ್ ಬೇಕು. ಅದೇ ಪೆಟ್ಟಿಗೆಯ ಕೆಳಗೆ ಜಾರು ತಡೆಯುವ ರಬ್ಬರ್ ಮ್ಯಾಟ್ ಹಾಕಿದರೆ ಹಿಡಿತ 0.6ಕ್ಕೆ ಏರುತ್ತದೆ. ಆಗ ಲೆಕ್ಕಕ್ಕೆ ಒಂದು ಬೆಲ್ಟೇ ಜಾಸ್ತಿ. ಆದರೂ ಎರಡು ಹಾಕಬೇಕು, ಒಂದರ ಮೇಲೆ ಭರವಸೆ ಇಡಬಾರದು. ಮ್ಯಾಟ್ ಇಲ್ಲದೆ ಪೆಟ್ಟಿಗೆಯನ್ನು ಮುಂದಿನ ಗೋಡೆಗೆ ತಾಗಿಸಿದರೆ ಪಕ್ಕದ ಜಾರಿಕೆಯೊಂದನ್ನೇ ತಡೆಯಬೇಕು, ಅದಕ್ಕೆ 2 ಬೆಲ್ಟ್ ಸಾಕು. ನಾಲ್ಕು ಬೆಲ್ಟ್ ಕೊಳ್ಳುವ ಮೊದಲು ಮ್ಯಾಟ್ ತನ್ನಿ ಎಂದು ನಾನು ಹೇಳುವುದು ಇದಕ್ಕೇ.

ಮ್ಯಾಟಿಗಿಂತಲೂ ಅಗ್ಗದ್ದು ಪೊರಕೆ. ಚಿರೆಕಲ್ಲು ಇಳಿಸಿದ ಗಾಡಿಯ ನೆಲದಲ್ಲಿ ಕೆಂಪು ಪುಡಿ, ಹರಳು ಉಳಿದಿರುತ್ತದೆ. ಅದರ ಮೇಲೆ ಏನಿಟ್ಟರೂ ಉರುಳಿಕೊಂಡೇ ಹೋಗುತ್ತದೆ. ಅಡಿಕೆ ಸಿಪ್ಪೆ, ಭತ್ತದ ಕಾಳು, ಡೀಸೆಲ್ ಕಲೆ ಎಲ್ಲವೂ ಅಷ್ಟೇ. ತದಡಿ, ಕಾರವಾರ ಬಂದರಿನಿಂದ ಮೀನು ಹೊತ್ತು ಬಂದ ಗಾಡಿಯ ನೆಲವಂತೂ ಮಂಜುಗಡ್ಡೆ ನೀರು, ಲೋಳೆ ಸೇರಿ ಜಾರುತ್ತಿರುತ್ತದೆ. ತೊಳೆದು ಒಣಗಿಸದೆ ಮೇಲೆ ಹೊಸ ಲೋಡು ಹೇರಬೇಡಿ. ಮ್ಯಾಟ್ ಕೂಡ ಧೂಳು ಹಿಡಿದರೆ, ಎಣ್ಣೆ ಕುಡಿದರೆ ಕೆಲಸಕ್ಕೆ ಬಾರದು. ಮ್ಯಾಟ್ ತುಂಡುಗಳನ್ನು ಹಾಕುವಾಗ ಲೋಡಿನ ಪೂರ್ತಿ ಭಾರ ಅವುಗಳ ಮೇಲೇ ಕೂರಬೇಕು. ಒಂದು ಮೂಲೆ ಬರಿ ನೆಲ ಮುಟ್ಟಿದರೂ ಲೆಕ್ಕ ಬದಲಾಗುತ್ತದೆ.

ಪಕ್ಕಕ್ಕೆ ವಾಲಿದ್ದರೆ

ಬಲ ತಿರುವಿನಲ್ಲಿ ಲೋಡು ಎಡಕ್ಕೆ, ಎಡ ತಿರುವಿನಲ್ಲಿ ಬಲಕ್ಕೆ. ಅರಬೈಲ್ ಘಟ್ಟದಲ್ಲಾಗಲಿ ದೇವಿಮನೆಯಲ್ಲಾಗಲಿ ಒಂದರ ಹಿಂದೆ ಒಂದು ತಿರುವು ಬರುವುದರಿಂದ ಲೋಡು ಎರಡೂ ಕಡೆ ಅಲ್ಲಾಡಿ ಸಡಿಲವಾಗುತ್ತದೆ. ಕೊನೆಗೆ ಒಂದು ಕಡೆ ಕುಸಿಯುತ್ತದೆ.

ಇಲ್ಲಿ ಕೆಳಗಿನ ಸಾಲು ಸತ್ಯ ಹೇಳುತ್ತದೆ. ಕೆಳಗಿನ ಸಾಲೂ ಸರಿದಿದ್ದರೆ ನೆಲದ ಹಿಡಿತ ಕಡಿಮೆ ಎಂದರ್ಥ, ಮೇಲೆ ಹೇಳಿದ್ದೇ ಔಷಧ. ಕೆಳಗಿನದು ಅಲ್ಲೇ ಇದ್ದು ಮೇಲಿನದು ಮಾತ್ರ ಹೋಗಿದ್ದರೆ ಅಟ್ಟಿ ಕಟ್ಟಿದ ರೀತಿಯಲ್ಲಿ ತಪ್ಪಿದೆ. ಗೋಣಿಚೀಲದ ಮೇಲೆ ಗೋಣಿಚೀಲ ಚೆನ್ನಾಗಿ ಕಚ್ಚಿ ಕೂರುತ್ತದೆ. ಪ್ಲಾಸ್ಟಿಕ್ ನೇಯ್ಗೆಯ ಚೀಲ ಹಾಗಲ್ಲ, ಒಂದರ ಮೇಲೊಂದು ಜಾರುತ್ತದೆ. ಅಡಿಕೆ ಚೀಲಕ್ಕೆ ಸಾಕಾದ ಬಿಗಿತ ಗೊಬ್ಬರದ ಚೀಲಕ್ಕೆ ಸಾಲದಿರುವುದು ಇದರಿಂದಲೇ. ಪ್ಲಾಸ್ಟಿಕ್ ಚೀಲವಾದರೆ ಎತ್ತರ ಕಡಿಮೆ ಮಾಡಿ. ಇಟ್ಟಿಗೆ ಗೋಡೆಯಲ್ಲಿ ಮಾಡುವ ಹಾಗೆ ಒಂದು ಸಾಲಿನ ಜೋಡಣೆಯ ಮೇಲೆ ಇನ್ನೊಂದು ಸಾಲಿನ ಚೀಲದ ನಡು ಬರಲಿ. ಅಂಚಿನ ಚೀಲಗಳು ಒಳಗಡೆಗೆ ತುಸು ಇಳಿಜಾರಾಗಿರಲಿ. ಸಾಲುಗಳ ನಡುವೆ ಹಳೆಯ ಗೋಣಿ ಹಾಸಿದರೂ ಎಷ್ಟೋ ಉಪಕಾರ.

ಬೆಲ್ಟ್ ಎಷ್ಟು ಓರೆಯಾಗಿದೆ ಎಂಬುದು ಮುಂದಿನ ಪ್ರಶ್ನೆ. ಬೆಲ್ಟ್ ನೆಲಕ್ಕೆ ನೆಟ್ಟಗೆ ಇಳಿದರೆ ಅದರ ಪೂರ್ತಿ ಬಿಗಿತ ಒತ್ತುವುದಕ್ಕೆ ಸಿಗುತ್ತದೆ. ನೆಲಕ್ಕೂ ಬೆಲ್ಟಿಗೂ ನಡುವಿನ ಕೋನ 60 ಡಿಗ್ರಿಯಾದರೆ ನೂರಕ್ಕೆ 87ರಷ್ಟು, 45ರಲ್ಲಿ ಸುಮಾರು 70, 30 ಡಿಗ್ರಿಯಲ್ಲಿ ಅರ್ಧ ಮಾತ್ರ. ಆಗಲೇ ಹೇಳಿದ ಒಂದು ಟನ್ ಪೆಟ್ಟಿಗೆಗೆ ನೆಟ್ಟಗೆ 4 ಬೆಲ್ಟ್ ಬೇಕಿದ್ದರೆ, 30 ಡಿಗ್ರಿ ಓರೆಯಲ್ಲಿ 7 ಬೇಕಾಗುತ್ತದೆ. ಪಿಕಪ್ಪಿನಲ್ಲಿ ಎತ್ತರವಿಲ್ಲದ, ಬಾಡಿಗಿಂತ ಕಿರಿದಾದ ಸರಕು ಕಟ್ಟಿದಾಗ ಬೆಲ್ಟ್ ಹೀಗೇ ಚಪ್ಪಟೆಯಾಗಿ ಮಲಗುತ್ತದೆ. ನೋಡುವುದಕ್ಕೆ ಬಿಗಿಯಾಗೇ ಇರುತ್ತದೆ, ಒತ್ತುವುದು ಮಾತ್ರ ಕಡಿಮೆ. ಲೋಡಿನ ಮೇಲೆ ಖಾಲಿ ಪ್ಯಾಲೆಟ್ ಇಟ್ಟು ಅದರ ಮೇಲಿಂದ ಬೆಲ್ಟ್ ಹಾಯಿಸಿದರೆ ಓರೆ ಸರಿಯಾಗುತ್ತದೆ. ಎರಡೂ ಪಕ್ಕದ ಸಂದಿಗೆ ಮರ ಕೊಟ್ಟು ಬಾಡಿಗೆ ಒತ್ತುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಕಟ್ಟಿದ್ದೇ ಸಡಿಲವಾಗಿದ್ದರೆ

ಹೆಚ್ಚಿನ ದೂರು ಇದೇ. "ಬಿಗಿಯಾಗೇ ಕಟ್ಟಿದ್ದೆ ಮಾರಾಯ್ರೇ, ಕೆಳಗೆ ಬರೋದ್ರೊಳಗೆ ಸಡಿಲಾಗಿತ್ತು" ಎನ್ನುತ್ತಾರೆ. ಅವರು ಹೇಳುವುದು ನಿಜ. ಬಿಗಿಯಾಗೇ ಕಟ್ಟಿರುತ್ತಾರೆ. ಆಮೇಲೆ ಆಗುವುದನ್ನು ಒಂದೊಂದಾಗಿ ನೋಡಬೇಕು.

ಲೋಡು ಕುಗ್ಗಿತೇ? ಚಾಲಿ ಅಡಿಕೆ ತುಂಬಿದ ಚೀಲ ಗಾಡಿಯ ಕುಲುಕಾಟಕ್ಕೆ ಒಳಗೊಳಗೇ ಇಳಿಯುತ್ತದೆ. ಅಟ್ಟಿಯ ಎತ್ತರ ಎರಡು ಬೆರಳು ಕಡಿಮೆಯಾದರೂ ಬೆಲ್ಟಿನ ಬಿಗಿತ ಪೂರ್ತಿ ಹೋಗಬಹುದು. ಇದು ಯಾರ ತಪ್ಪೂ ಅಲ್ಲ, ಹೀಗೇ ಆಗುವ ಸರಕು ಅದು. ಪರಿಹಾರ ಒಂದೇ, ದಾರಿಯಲ್ಲಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಹೊರಟು ಹತ್ತು ಕಿ.ಮೀ. ಒಳಗೆ ಒಮ್ಮೆ. ಘಟ್ಟ ಶುರುವಾಗುವ ಮೊದಲು ಇನ್ನೊಮ್ಮೆ, ಕುಮಟಾ ದಾರಿಯಾದರೆ ರಾಗಿಹೊಸಳ್ಳಿಯಲ್ಲಿ, ಅಂಕೋಲಾ ದಾರಿಯಾದರೆ ಯಲ್ಲಾಪುರ ದಾಟಿದ ಮೇಲೆ. ಘಟ್ಟ ಇಳಿದ ಮೇಲೆ ಮತ್ತೊಮ್ಮೆ. ಚಹಾಕ್ಕೆ ನಿಲ್ಲಿಸಿದಾಗಲೇ ಇದನ್ನು ಮುಗಿಸಬಹುದು.

ಹಗ್ಗ ಹಿಗ್ಗಿತೇ? ನೈಲಾನ್ ಹಗ್ಗ ತುಂಬ ಹಿಗ್ಗುತ್ತದೆ. ನೀರು ಕುಡಿದರೆ ಇನ್ನೂ ಹಿಗ್ಗುತ್ತದೆ, ಬಲವೂ ಸ್ವಲ್ಪ ಇಳಿಯುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒದ್ದೆಯಾಗದ ಹಗ್ಗ ಯಾವುದಿದೆ? ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲಿನ್ ಹಗ್ಗ ನೀರು ಕುಡಿಯುವುದಿಲ್ಲ, ಆದರೆ ಬಿಸಿಲಿಗೆ ಬೇಗ ಸಾಯುತ್ತದೆ. ಮುಟ್ಟಿದರೆ ಪುಡಿ ಉದುರುವಂತಾದರೆ ಅದನ್ನು ಲೋಡಿಗೆ ಬಳಸಬೇಡಿ. ಪಾಲಿಯೆಸ್ಟರ್ ಬೆಲ್ಟ್ ಇವೆರಡಕ್ಕಿಂತ ಮೇಲು. ಮಾನದಂಡದಂತೆ ಮಾಡಿದ ಬೆಲ್ಟ್ ತನ್ನ ಪೂರ್ತಿ ಅನುಮತಿಯ ಎಳೆತದಲ್ಲೂ ನೂರಕ್ಕೆ 7ಕ್ಕಿಂತ ಜಾಸ್ತಿ ಹಿಗ್ಗುವಂತಿಲ್ಲ. ಹಗ್ಗಕ್ಕೆ ಗಂಟು ಹಾಕಿದಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆಂದು ಹಗ್ಗವನ್ನು ಬಿಸಾಡಬೇಕಿಲ್ಲ. ತಾಡಪಾಲು ಕಟ್ಟಲು, ಬಾಳೆಗೊನೆ ನಿಲ್ಲಿಸಲು, ಹಗುರ ಸಾಮಾನಿಗೆ ಹಗ್ಗವೇ ಸರಿ. ಒಂದು ಟನ್ನಿನ ಯಂತ್ರಕ್ಕೆ ಮಾತ್ರ ಬೇಡ.

ರ‍್ಯಾಚೆಟ್ (ಬೆಲ್ಟ್ ಸುತ್ತಿ ಬಿಗಿಯುವ ಹಲ್ಲಿನ ಸಾಧನ) ಸರಿಯಾಗಿ ಸುತ್ತಿದೆಯೇ? ಉರುಳೆಯ ಮೇಲೆ ಬೆಲ್ಟ್ ಎರಡು ಸುತ್ತಾದರೂ ಬರಬೇಕು. ಒಂದೇ ಸುತ್ತಾದರೆ ಬೆಲ್ಟ್ ಒಳಗಿಂದ ನುಣುಚಿಕೊಳ್ಳುತ್ತದೆ. ಮೂರಕ್ಕಿಂತ ಜಾಸ್ತಿಯಾದರೆ ಉರುಳೆ ತುಂಬಿ ಸಿಕ್ಕಿಕೊಳ್ಳುತ್ತದೆ, ಬಿಗಿಯೂ ಸರಿಯಾಗಿ ಬರುವುದಿಲ್ಲ. ಮೊದಲು ಬೆಲ್ಟನ್ನು ಕೈಯಿಂದಲೇ ಎಳೆದು ಸಡಿಲು ತೆಗೆಯಿರಿ, ಆಮೇಲೆ ಹಿಡಿ ಆಡಿಸಿ. ಕೊನೆಗೆ ಹಿಡಿಯನ್ನು ಪೂರ್ತಿ ಮಡಿಸಿ ಲಾಕ್ ಮಾಡಿ. ಹಿಡಿಗೆ ಪೈಪು ತೊಡಿಸಿ ಎಳೆಯುವುದನ್ನು ಅಲ್ಲಲ್ಲಿ ನೋಡುತ್ತೇವೆ. ಖಂಡಿತ ಬೇಡ. ಆ ಹಿಡಿಯನ್ನು ಮಾಡಿರುವುದು ಕೈಬಲಕ್ಕೆ. ಪೈಪು ತೊಡಿಸಿದರೆ ಹಲ್ಲು ಮುರಿಯುತ್ತದೆ, ಹಿಡಿ ಹಿಂದಕ್ಕೆ ಸಿಡಿದು ಮುಖಕ್ಕೆ ಬಡಿಯುತ್ತದೆ.

ಕೊಕ್ಕೆ ಎಲ್ಲಿ ಸಿಕ್ಕಿಸಿದ್ದೀರಿ? ಬಾಡಿಯ ಪಕ್ಕದ ಹಲಗೆಗೋ ತೆಳು ತಗಡಿನ ಅಂಚಿಗೋ ಸಿಕ್ಕಿಸಿದ್ದರೆ ಅದೇ ಬಾಗಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಎಷ್ಟೇ ಗಟ್ಟಿ ಇರಲಿ, ಅದು ಹಿಡಿದ ಜಾಗ ಅದಕ್ಕೆ ಸಮನಾಗಿರಬೇಕು. ಚಾಸಿಗೆ ಸೇರಿದ ಅಡ್ಡ ತೊಲೆಗೋ ಅದಕ್ಕೆ ಬೆಸೆದ ಗಟ್ಟಿ ಬಳೆಗೋ ಸಿಕ್ಕಿಸಿ. ಕರಾವಳಿಯ ಗಾಡಿಗಳಲ್ಲಿ ಈ ಬಳೆಗಳು ಉಪ್ಪು ಗಾಳಿಗೆ ಒಳಗಿಂದ ತುಕ್ಕು ಹಿಡಿದಿರುತ್ತವೆ. ಸುತ್ತಿಗೆಯಿಂದ ತಟ್ಟಿ ನೋಡಿ. ಪದರ ಪದರವಾಗಿ ಉದುರಿದರೆ ಹೊಸದು ಬೆಸೆಯಿಸಿ. ಕೊಕ್ಕೆಯ ತುದಿಯ ಮೇಲೆ ಭಾರ ಬೀಳಬಾರದು, ಅದರ ಮಡಿಕೆಯೊಳಗೇ ಕೂರಬೇಕು.

ಬೆಲ್ಟ್ ಹರಿದಿದ್ದರೆ

ಹರಿದ ಬೆಲ್ಟ್ ಸಿಕ್ಕಿದರೆ ಹರಿದ ಬಾಯಿಯನ್ನು ನೋಡಿ. ಕತ್ತರಿಸಿದ ಹಾಗೆ ನೇರವಾಗಿದ್ದರೆ ಮೊನೆಯ ಅಂಚು ಕಾರಣ. ಚಿರೆಕಲ್ಲಿನ ಮೂಲೆ, ಕಬ್ಬಿಣದ ಆಂಗಲ್, ಸಿಮೆಂಟ್ ಶೀಟಿನ ತುದಿ ಬೆಲ್ಟನ್ನು ಗರಗಸದಂತೆ ಕೊಯ್ಯುತ್ತವೆ. ಗಾಡಿ ಕುಲುಕಿದಷ್ಟೂ ಕೊಯ್ತ ಆಗುತ್ತಲೇ ಇರುತ್ತದೆ. ಅಂಥ ಕಡೆ ಮೂಲೆರಕ್ಷಕ ಬೇಕೇ ಬೇಕು. ಪ್ಲಾಸ್ಟಿಕ್ಕಿನವು ಸಿಗುತ್ತವೆ. ಅವುಗಳಿಂದ ಇನ್ನೊಂದು ಲಾಭ ಇದೆ. ಬೆಲ್ಟ್ ಮೂಲೆಯ ಮೇಲೆ ಸಲೀಸಾಗಿ ಸರಿಯುವುದರಿಂದ ರ‍್ಯಾಚೆಟ್ ಇರುವ ಕಡೆಯ ಬಿಗಿತ ಆಚೆ ಪಕ್ಕಕ್ಕೂ ತಲುಪುತ್ತದೆ. ಒರಟು ಮೂಲೆಯಲ್ಲಿ ಈಚೆ ಬಿಗಿ, ಆಚೆ ಸಡಿಲ ಎಂದಾಗುವುದು ಸಾಮಾನ್ಯ. ಅದಕ್ಕೇ ಎರಡು ಬೆಲ್ಟ್ ಇದ್ದರೆ ಒಂದರ ರ‍್ಯಾಚೆಟ್ ಎಡಕ್ಕೆ, ಇನ್ನೊಂದರದು ಬಲಕ್ಕೆ ಬರಲಿ.

ನೂಲು ನೂಲಾಗಿ ಕುಚ್ಚಿನಂತೆ ಹರಿದಿದ್ದರೆ ಬೆಲ್ಟ್ ಹಳೆಯದಾಗಿತ್ತು ಅಥವಾ ಭಾರ ಮೀರಿತ್ತು. ಕರಗಿದ ಗುರುತು ಇದ್ದರೆ ಸೈಲೆನ್ಸರ್ ಹತ್ತಿರ ಹಾದಿತ್ತೇ, ಅಥವಾ ಜೋರಾಗಿ ಉಜ್ಜಿತ್ತೇ ನೋಡಿ. ಅಗಲದ ಹತ್ತರಲ್ಲೊಂದು ಪಾಲು ಕೊಯ್ದುಹೋದ ಬೆಲ್ಟನ್ನು ತೆಗೆದುಹಾಕಬೇಕು. ಗಂಟು ಹಾಕಿ, ಹೊಲಿಸಿ ಮತ್ತೆ ಬಳಸುವಂತಿಲ್ಲ.

ಈಗ ಲೇಬಲ್ ಓದುವ ವಿಷಯ. ಅಂಗಡಿಯವರು "5 ಟನ್ ಬೆಲ್ಟ್" ಎಂದು ಕೊಡುತ್ತಾರೆ. ಸಾಮಾನ್ಯವಾಗಿ ಆ 5 ಟನ್ ಎಂದರೆ ಬೆಲ್ಟ್ ತುಂಡಾಗುವ ಭಾರ. ಬಳಸಬಹುದಾದ ಎಳೆತ ಅದರ ಅರ್ಧ, 2.5 ಟನ್. ಲೇಬಲ್ ಮೇಲೆ ಎಲ್‌ಸಿ ಎಂದು ಬರೆದ ಅಂಕಿ ಅದು. ಡೆಕಾನ್ಯೂಟನ್ ಎಂಬ ಅಳತೆಯಲ್ಲಿರುತ್ತದೆ, ಒಂದು ಡೆಕಾನ್ಯೂಟನ್ ಎಂದರೆ ಹತ್ತಿರ ಹತ್ತಿರ ಒಂದು ಕೆಜಿ ಭಾರ. ಅದರ ಕೆಳಗೆ ಎಸ್‌ಟಿಎಫ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಕೈಯಿಂದ ರ‍್ಯಾಚೆಟ್ ಎಳೆದಾಗ ಬೆಲ್ಟಿಗೆ ನಿಜವಾಗಿ ಬರುವ ಬಿಗಿತ ಅದು. 50 ಮಿ.ಮೀ. ಅಗಲದ ಮಾಮೂಲಿ ಬೆಲ್ಟಿನಲ್ಲಿ ಅದು ಸುಮಾರು 300ರ ಆಸುಪಾಸು. ಮೇಲಿನಿಂದ ಹಾಯಿಸಿ ಕಟ್ಟುವಾಗ ಲೆಕ್ಕಕ್ಕೆ ಬರುವುದು ಈ 300, ಆ 5,000 ಅಲ್ಲ. ದಪ್ಪ ಬೆಲ್ಟ್ ತಂದರೂ ಲೋಡು ಜಾರಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ? 5 ಟನ್ನಿನ ಬದಲು 10 ಟನ್ನಿನ ಬೆಲ್ಟ್ ತಂದು ಅದೇ ಕೈಯಲ್ಲಿ, ಅದೇ ಹಿಡಿಯಲ್ಲಿ ಎಳೆದರೆ ಒತ್ತಡ ಹೆಚ್ಚಾಗುವುದಿಲ್ಲ. ಕೊಳ್ಳುವಾಗ ಎಸ್‌ಟಿಎಫ್ ಅಂಕಿ ಕೇಳಿ. ಲೇಬಲ್ ಇಲ್ಲದ ಬೆಲ್ಟ್ ಎಷ್ಟೇ ಅಗ್ಗವಾದರೂ ಬೇಡ. ಪಾಲಿಯೆಸ್ಟರ್ ಬೆಲ್ಟಿನ ಲೇಬಲ್ ನೀಲಿ ಬಣ್ಣದ್ದು, ಪಾಲಿಪ್ರೊಪಿಲಿನ್ನಿನದು ಕಂದು. ನೀಲಿಯನ್ನೇ ಆರಿಸಿ.

ಉರುಳುವ ಸರಕು

ದಿಮ್ಮಿ, ಪೈಪು, ಡ್ರಮ್ಮು, ವಿದ್ಯುತ್ ಕಂಬ ಇವು ಜಾರುವ ಮೊದಲು ಉರುಳುತ್ತವೆ. ಉರುಳುವುದನ್ನು ಬೆಲ್ಟಿನಿಂದ ಮಾತ್ರ ನಿಲ್ಲಿಸಲಾಗದು. ಪಕ್ಕದಲ್ಲಿ ಗಟ್ಟಿ ಗೂಟ ಬೇಕು, ಕೆಳಗೆ ಬೆಣೆ ಬೇಕು. ಗೂಟಕ್ಕಿಂತ ಮೇಲೆ ಅರ್ಧಕ್ಕೂ ಜಾಸ್ತಿ ಚಾಚಿದ ದಿಮ್ಮಿ ಇಟ್ಟರೆ ಅದನ್ನು ಗೂಟ ಹಿಡಿಯುವುದಿಲ್ಲ. ಬೆಣೆಯನ್ನು ಮೊಳೆ ಹೊಡೆದು ಕೂರಿಸಿ, ಸುಮ್ನೆ ತಳ್ಳಿಟ್ಟ ಬೆಣೆ ಕುಲುಕಾಟಕ್ಕೆ ಹೊರಬರುತ್ತದೆ. ಮಳೆಗಾಲದಲ್ಲಿ ದಿಮ್ಮಿಯ ತೊಗಟೆ ಒದ್ದೆಯಾಗಿ ಕಳಚಿಕೊಳ್ಳುತ್ತದೆ. ಆಗ ಕಟ್ಟಿದ್ದೆಲ್ಲ ಸಡಿಲ. ಡಿಪೋದಿಂದ ಹೊರಡುವ ಮೊದಲೇ ಸಡಿಲ ತೊಗಟೆ ಕೆತ್ತಿ ತೆಗೆಸುವುದು ಒಳ್ಳೆಯದು. ನಡುವಿನ ದಿಮ್ಮಿ ತುಸು ಎತ್ತರ ಇರುವ ಹಾಗೆ ಜೋಡಿಸಿದರೆ ಸರಪಳಿಯೋ ಬೆಲ್ಟೋ ಎಲ್ಲವನ್ನೂ ಒತ್ತುತ್ತದೆ. ನಡು ತಗ್ಗಿದ್ದರೆ ಅಂಚಿನ ಎರಡನ್ನು ಮಾತ್ರ ಒತ್ತಿ ನಡುವಿನದು ಬಾಣದಂತೆ ಮುಂದಕ್ಕೆ ಹೊರಡುತ್ತದೆ. ಪಿವಿಸಿ ಪೈಪಿನ ಕಟ್ಟಿನಲ್ಲೂ ಇದೇ ಕಥೆ. ಪೈಪನ್ನು ಮೊದಲು ಕಟ್ಟುಗಳಾಗಿ ಬಿಗಿದು, ಆಮೇಲೆ ಗಾಡಿಗೆ ಕಟ್ಟಿ.

ಯಂತ್ರ ಸಾಗಿಸುವಾಗ

ಅಡಿಕೆ ಸುಲಿಯುವ ಯಂತ್ರ, ಪವರ್ ಟಿಲ್ಲರ್, ಜನರೇಟರ್ ಇವನ್ನು ತೋಟದಿಂದ ತೋಟಕ್ಕೆ ಒಯ್ಯುವಾಗ ಮೇಲಿಂದ ಒಂದು ಹಗ್ಗ ಹಾಯಿಸಿ ಬಿಡುತ್ತಾರೆ. ಯಂತ್ರದ ಭಾರ ಮೇಲ್ಗಡೆ ಇರುತ್ತದೆ, ಕಾಲು ಕಿರಿದು. ತಿರುವಿನಲ್ಲಿ ಮಗುಚುತ್ತದೆ.

ಇಲ್ಲಿ ಕಟ್ಟುವ ರೀತಿಯೇ ಬೇರೆ. ನಾಲ್ಕು ಮೂಲೆಯಿಂದ ನಾಲ್ಕು ಬೆಲ್ಟ್, ಎದುರು ಬದುರು ಎಳೆಯುವ ಹಾಗೆ ನೇರವಾಗಿ ಯಂತ್ರಕ್ಕೆ ಸಿಕ್ಕಿಸಬೇಕು. ಈಗ ಬೆಲ್ಟ್ ಒತ್ತುವುದಿಲ್ಲ, ನಿಜವಾಗಿಯೂ ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಎಲ್‌ಸಿ, 2.5 ಟನ್. ಆಚೆ ಕೆಟ್ಟದ್ದೆನಿಸಿದ ಓರೆ ಇಲ್ಲಿ ಒಳ್ಳೆಯದಾಗುತ್ತದೆ. 30ರಿಂದ 45 ಡಿಗ್ರಿ ಓರೆಯಲ್ಲಿ ಎಳೆದ ಬೆಲ್ಟ್ ಯಂತ್ರವನ್ನು ಮುಂದೆ ಹಿಂದೆ ಹೋಗದಂತೆ ಚೆನ್ನಾಗಿ ಹಿಡಿಯುತ್ತದೆ. ಕೊಕ್ಕೆಯನ್ನು ಯಂತ್ರದ ಚೌಕಟ್ಟಿಗೇ ಸಿಕ್ಕಿಸಿ. ಹಿಡಿಕೆ, ಪುಲ್ಲಿಯ ಮುಚ್ಚಳ, ಮೋಟಾರಿನ ಮೈ ಇವು ಬೇಡ.

ಸರಪಳಿ ಯಾವಾಗ? ಜೆಸಿಬಿಯ ಬಕೆಟ್, ರೋಡ್ ರೋಲರ್, ಕಬ್ಬಿಣದ ತೊಲೆಯಂಥ ಭಾರದ ಮತ್ತು ಮೊನೆಯ ಸರಕಿಗೆ. 8ನೇ ಗ್ರೇಡಿನ 8 ಮಿ.ಮೀ. ಸರಪಳಿಗೆ ಎಲ್‌ಸಿ 4 ಟನ್, 10 ಮಿ.ಮೀ. ಸರಪಳಿಗೆ 6.3 ಟನ್. ಬಾವಿಗೆ ಬಳಸುವ, ಗೇಟಿಗೆ ಹಾಕುವ ಸರಪಳಿ ಇದಕ್ಕೆ ಆಗುವುದಿಲ್ಲ. ಕೊಂಡಿಯ ದಪ್ಪ ಹತ್ತರಲ್ಲೊಂದು ಸವೆದಿದ್ದರೆ ತೆಗೆಯಿರಿ. ಒಂದೇ ದಿಕ್ಕಿನ ಎಳೆತಕ್ಕೆ ಒಂದು ಸರಪಳಿ, ಒಂದು ಬೆಲ್ಟ್ ಸೇರಿಸಿ ಕಟ್ಟಬೇಡಿ. ಬೆಲ್ಟ್ ಹಿಗ್ಗುತ್ತದೆ, ಸರಪಳಿ ಹಿಗ್ಗುವುದಿಲ್ಲ. ಹಾಗಾಗಿ ಪೂರ್ತಿ ಭಾರ ಸರಪಳಿಯ ಮೇಲೇ ಬೀಳುತ್ತದೆ, ಬೆಲ್ಟ್ ಹೆಸರಿಗಷ್ಟೇ ಇರುತ್ತದೆ.

ಗಾಲಿ ಇರುವ ಯಂತ್ರಕ್ಕೆ ಹ್ಯಾಂಡ್ ಬ್ರೇಕ್ ಹಾಕಿದ್ದೇನೆ ಎಂದು ಸಮಾಧಾನ ಪಡಬೇಡಿ. ಗಾಲಿಗೆ ಎರಡೂ ಕಡೆ ಬೆಣೆ ಕೊಟ್ಟು, ಆಮೇಲೆ ಕಟ್ಟಿ.

ಗಾಳಿಗೆ ಎದ್ದರೆ

ಖಾಲಿ ನೀರಿನ ಟ್ಯಾಂಕು, ತಗಡಿನ ಶೀಟು, ಥರ್ಮೋಕೋಲ್ ಪೆಟ್ಟಿಗೆ. ಹಗುರ ಅಲ್ವಾ ಎಂದು ಒಂದು ದಾರ ಕಟ್ಟಿ ಕಳಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗ ಹೆಚ್ಚು, ಸೇತುವೆಗಳ ಮೇಲೆ ಕಡಲ ಗಾಳಿ ಪಕ್ಕದಿಂದ ನುಗ್ಗುತ್ತದೆ. ಇವಕ್ಕೆ ಬಲಕ್ಕಿಂತ ಹೊದಿಕೆ ಮುಖ್ಯ. ಬಲೆ ಹಾಕಿ ಅಂಚು ಕಟ್ಟಿ. ಟ್ಯಾಂಕಿಗೆ ಎರಡು ಬೆಲ್ಟ್ ಅಡ್ಡಡ್ಡ ಹಾಕಿ. ಅದು ಒತ್ತಿದರೆ ತಗ್ಗುವಂಥದ್ದು, ಅದಕ್ಕೆ ಹದವಾಗಿ ಬಿಗಿಯಿರಿ. ಬಿಡಿ ತೆಂಗಿನಕಾಯಿಗೂ ಬಲೆಯೇ ಸರಿ, ಕಣ್ಣು ಕಾಯಿಗಿಂತ ಸಣ್ಣದಿರಲಿ. ತಾಡಪಾಲು ಮಳೆಗೆ, ಧೂಳಿಗೆ. ಅದು ಲೋಡನ್ನು ಹಿಡಿಯುತ್ತದೆ ಎಂದುಕೊಳ್ಳಬೇಡಿ.

ಏನೇನು ಕೊಳ್ಳಬೇಕು

ಪಿಕಪ್ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟು. 50 ಮಿ.ಮೀ. ಅಗಲದ ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟ್ ನಾಲ್ಕು, ಲೇಬಲ್ ಸಮೇತ. ರಬ್ಬರ್ ಮ್ಯಾಟಿನ ತುಂಡುಗಳು ಎಂಟು ಹತ್ತು. ಮೂಲೆರಕ್ಷಕ ಎಂಟು. ಒಂದು ಬಲೆ. ಮರದ ಬೆಣೆ, ರೀಪು ತುಂಡು ಮನೆಯಲ್ಲೇ ಇರುತ್ತದೆ. ಒಂದು ಪೊರಕೆ. ದುಡ್ಡು ಕಡಿಮೆ ಇದ್ದರೆ ಮೊದಲು ಎರಡು ಬೆಲ್ಟ್ ಮತ್ತು ಮ್ಯಾಟ್. ಲಾರಿಯವರಿಗೆ ಇದರ ಎರಡರಷ್ಟು, ಜೊತೆಗೆ ನಾಟಾ ಅಥವಾ ಯಂತ್ರ ಒಯ್ಯುವವರಾದರೆ ಸರಪಳಿ, ಅದನ್ನು ಬಿಗಿಯುವ ಸ್ಕ್ರೂ. ಸಾಮಾನು ಕೊಳ್ಳುವ ದುಡ್ಡಿಗಿಂತ ದಂಡ ದೊಡ್ಡದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ ಭಾರ ಮೀರಿದರೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಲೋಡು ಬಾಡಿಯಿಂದ ಹೊರಗೆ ಚಾಚಿದ್ದರೂ 20,000 ರೂಪಾಯಿ.

ಲೋಡಿನ ಮೇಲೆ ಜನ ಕೂರಬಾರದು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಹೊತ್ತು ಹೊರಟ ಲಾರಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಬಿತ್ತು. ಅದರಲ್ಲಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ 10 ಜನ ಸತ್ತರು. ಸಂತೆಗೆ ಹೋಗಲು ಅವರಿಗೆ ಬೇರೆ ಅನುಕೂಲ ಇರಲಿಲ್ಲವೇನೋ, ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಹೇಳಲೇಬೇಕು. ಎಷ್ಟು ಚೆನ್ನಾಗಿ ಕಟ್ಟಿದ ಲೋಡೂ ಗಾಡಿ ಮಗುಚಿದಾಗ ಮೇಲಿದ್ದವರನ್ನು ಉಳಿಸುವುದಿಲ್ಲ. ಮಾಲೀಕರು, ಡ್ರೈವರ್ ಇಬ್ಬರೂ ಈ ಒಂದು ವಿಷಯದಲ್ಲಿ ಇಲ್ಲ ಎನ್ನಲು ಕಲಿಯಬೇಕು.

ಸರಿಪಡಿಸಿದ ಮೇಲೆ ಪರೀಕ್ಷೆ

ಕಟ್ಟಿ ಮುಗಿದ ಮೇಲೆ ಬೆಲ್ಟಿನ ನಡುವೆ ಕೈಯಿಂದ ಒತ್ತಿ ನೋಡಿ, ಎರಡೂ ಪಕ್ಕ ಒಂದೇ ಥರ ಇರಬೇಕು. ಲೋಡನ್ನು ಹೆಗಲಿನಿಂದ ದೂಡಿ. ಗಾಡಿಯ ಜೊತೆಗೇ ಅಲ್ಲಾಡಿದರೆ ಸರಿ, ಗಾಡಿ ಬಿಟ್ಟು ತಾನೇ ಅಲ್ಲಾಡಿದರೆ ಮತ್ತೆ ಬಿಚ್ಚಿ. ಲೋಡಿನ ತುದಿ ಇರುವಲ್ಲಿ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊದಲ ನಿಲುಗಡೆಯಲ್ಲಿ ಆ ಗೆರೆ ನೋಡಿದರೆ ಒಂದು ಬೆರಳು ಸರಿದಿದ್ದರೂ ತಿಳಿಯುತ್ತದೆ. ಸರಿದಿದ್ದರೆ ಬೆಲ್ಟ್ ಬಿಗಿದು ಮುಂದೆ ಹೋಗಬೇಡಿ. ಯಾವ ದಿಕ್ಕಿಗೆ ಸರಿಯಿತು ಎಂದು ನೋಡಿ, ಮೇಲಿನ ಆ ಭಾಗಕ್ಕೆ ಮರಳಿ.

ಸಾಮಾನು ಇಡುವ ರೀತಿಯೂ ಇದರೊಳಗೇ ಬರುತ್ತದೆ. ಕರಾವಳಿಗೆ ಹೋಗಿ ಬಂದ ಬೆಲ್ಟನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹರವಿದರೆ ನೂಲು ಸಾಯುತ್ತದೆ. ರ‍್ಯಾಚೆಟ್ಟಿನ ಹಲ್ಲಿಗೆ, ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡಿ, ಬೆಲ್ಟಿಗೆ ಮಾತ್ರ ತಾಗದಿರಲಿ. ಸುರುಳಿ ಸುತ್ತಿ ಡಬ್ಬದಲ್ಲಿಡಿ, ಬಾಡಿಯ ಮೂಲೆಯಲ್ಲಿ ಬಿಸಾಡಬೇಡಿ. ತೆಗೆದುಹಾಕಬೇಕಾದ ಬೆಲ್ಟನ್ನು ಕತ್ತಿಯಿಂದ ಎರಡು ತುಂಡು ಮಾಡಿಯೇ ಎಸೆಯಿರಿ. ಇಡಿಯಾಗಿ ಎಸೆದರೆ ಯಾರೋ ಒಬ್ಬರು ಎತ್ತಿಕೊಂಡು ಮತ್ತೆ ಲೋಡಿಗೆ ಕಟ್ಟುತ್ತಾರೆ.